ಬೆಂಡು ಸುಡಬೇಡಿ ಅಂದಿರಿ, ಕೊಳ್ಳುವವರು ಯಾರು?

ಗೋವಿನಜೋಳ ಒಕ್ಕಿದ ಮೇಲೆ ಕರ್ಜಗಿ ಸುತ್ತಲಿನ ಹೊಲಗಳಲ್ಲಿ ಏನು ಉಳಿಯುತ್ತದೆ ಎಂದು ನಿಮಗೆ ಹೇಳಬೇಕಿಲ್ಲ. ಒಂದು ಕ್ವಿಂಟಲ್ ಕಾಳು ಬಿಡಿಸಿದರೆ 15ರಿಂದ 20 ಕಿಲೋ ಬೆಂಡು. ಒಂದಿಷ್ಟು ಒಲೆಗೆ ಹೋಗುತ್ತದೆ, ಉಳಿದದ್ದು ಬದುವಿನ ಮೇಲೆ ಬೂದಿಯಾಗುತ್ತದೆ. ಅಧಿಕಾರಿಗಳು ಹೇಳುವುದು ಒಂದೇ ಮಾತು: "ಸುಡಬೇಡಿ." ಸರಿ ಸಾಹೇಬರೆ, ಸುಡುವುದಿಲ್ಲ. ಯಾರಿಗೆ ಮಾರೋಣ?

ಬೆಂಡು ಕಸವಲ್ಲ. ಅದರಲ್ಲಿ ಕ್ಸೈಲಾನ್ ಎಂಬ ನಾರು ಹೇರಳವಾಗಿದೆ. ಅದರ ಮೇಲೆ ತಕ್ಕ ಬೂಷ್ಟು ಬೆಳೆಸಿದರೆ, ಆ ನಾರನ್ನು ಕರಗಿಸಿ ತಿನ್ನಲು ಬೂಷ್ಟು ಕ್ಸೈಲನೇಸ್ ಎಂಬ ಕಿಣ್ವ, ಅಂದರೆ ಎಂಜೈಮ್, ಬಿಡುತ್ತದೆ. ಅದನ್ನು ನೀರಿನಲ್ಲಿ ಬಿಡಿಸಿ ಸೋಸಿ ತೆಗೆಯುತ್ತಾರೆ. ಕೋಳಿ ಆಹಾರಕ್ಕೆ, ಬ್ರೆಡ್ಡಿಗೆ, ಕಾಗದ ಬಿಳುಪು ಮಾಡಲು ಅದು ಬೇಕು. ನಮ್ಮ ಕಾಳು ಕೋಳಿ ಆಹಾರಕ್ಕೆ ಹೋಗುತ್ತದೆ. ಎಂಜೈಮ್ ಪುಡಿ ಬೇರೆಲ್ಲಿಂದಲೋ ಬಂದು ಅದಕ್ಕೆ ಬೆರೆಯುತ್ತದೆ. ಬೆಂಡು ಮಾತ್ರ ಇಲ್ಲೇ ಉರಿಯುತ್ತದೆ.

ಇದು ಹೊಸ ವಿದ್ಯೆಯೂ ಅಲ್ಲ. ಜಪಾನಿನ ಜೋಕಿಚಿ ತಕಾಮಿನೆ ಗೋಧಿ ಬೂಸಾದ ಮೇಲೆ ಬೂಷ್ಟು ಬೆಳೆಸಿ ಕಿಣ್ವ ತೆಗೆದು, 1894ರಲ್ಲೇ ಅಮೆರಿಕದಲ್ಲಿ ಪೇಟೆಂಟ್ ಪಡೆದರು. ಮೈಸೂರಿನ ಸಿಎಫ್‌ಟಿಆರ್‌ಐ ವಿಜ್ಞಾನಿಗಳು 1980ರ ದಶಕದಲ್ಲೇ ಈ ವಿಧಾನದ ಮೇಲೆ ಸಂಶೋಧನೆ ಮಾಡಿದ್ದರು. ಬೆಂಗಳೂರಿನ ಬಯೋಕಾನ್ 1978ರಲ್ಲಿ ಪಪ್ಪಾಯಿ ಹಾಲಿನ ಎಂಜೈಮಿನಿಂದ ಶುರುವಾಗಿ, ಮುಂದೆ ಬೂಷ್ಟಿನಿಂದಲೂ ಎಂಜೈಮ್ ತೆಗೆಯಿತು. 2007ರಲ್ಲಿ ಆ ವ್ಯವಹಾರವನ್ನು ಡೆನ್ಮಾರ್ಕಿನ ನೊವೊಜೈಮ್ಸ್ ಕಂಪನಿಗೆ ಸುಮಾರು 11.5 ಕೋಟಿ ಡಾಲರಿಗೆ ಮಾರಿತು. ವಿದ್ಯೆಗೆ ಡಾಲರಿನಲ್ಲಿ ಬೆಲೆ ಬಂತು. ಬೆಂಡಿಗೆ?

"ಹಳ್ಳಿಯವರಿಗೆ ಇದೆಲ್ಲ ತಿಳಿಯದು" ಎನ್ನುವವರಿದ್ದಾರೆ. ಮೆಣಸಿನ ಗಿಡ, ಶುಂಠಿ ಕೊಳೆಯದಿರಲೆಂದು ತಿಪ್ಪೆಗೊಬ್ಬರಕ್ಕೆ ಟ್ರೈಕೋಡರ್ಮಾ ಬೆರೆಸುವವರು ಯಾರು? ಅದೂ ಬೂಷ್ಟೇ. ಅದರದೇ ಕುಲದ ಇನ್ನೊಂದು ಬೂಷ್ಟು ಎರಡನೇ ಮಹಾಯುದ್ಧದಲ್ಲಿ ಸಾಲೊಮನ್ ದ್ವೀಪಗಳಲ್ಲಿ ಸೈನಿಕರ ಹತ್ತಿ ಡೇರೆ ತಿನ್ನುತ್ತ ಸಿಕ್ಕಿತು. ಜೀನ್ಸ್ ಪ್ಯಾಂಟಿಗೆ ಮಾಸಿದ ಬಣ್ಣ ಕೊಡುವ ಎಂಜೈಮನ್ನು ಇಂದು ಅದರಿಂದ ತೆಗೆಯುತ್ತಾರೆ.

ಹಾಗೆಂದು ಮನೆಯಲ್ಲಿ ಪ್ರಯೋಗ ಮಾಡಬೇಡಿ. ತಾನಾಗಿ ಬಂದ ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್ ವಿಷ ಇರಬಹುದು, ಅದರ ಧೂಳು ಪುಪ್ಪುಸಕ್ಕೆ ಕೆಟ್ಟದ್ದು. ಶುದ್ಧ ತಳಿ ಬೇಕು, ಬೆಂಡನ್ನು ಪುಡಿ ಮಾಡಿ ಹಬೆಯಲ್ಲಿ ಬೇಯಿಸುವ ಸಾಧನ ಬೇಕು, ಬಿಸಿ-ತೇವದ ಹತೋಟಿ ಬೇಕು, ಪರೀಕ್ಷೆಯ ಲ್ಯಾಬ್ ಬೇಕು. ಇದು ಒಬ್ಬ ರೈತನ ಕೈಯಲ್ಲಿ ಆಗುವ ಕೆಲಸವಲ್ಲ. ಅದಕ್ಕೇ ಇದು ಸರ್ಕಾರದ ಹೊಣೆ.

ಬೆಂಡು ಹಗುರ, ಆದರೆ ಜಾಗ ಜಾಸ್ತಿ ಹಿಡಿಯುತ್ತದೆ. ದೂರ ಸಾಗಿಸಿದರೆ ಬಾಡಿಗೆಯೇ ಲಾಭ ತಿನ್ನುತ್ತದೆ. ಘಟಕ ಬೆಂಗಳೂರಿನಲ್ಲಿದ್ದರೆ ನಮಗೇನು ಬಂತು? ಜಿಲ್ಲೆಯಲ್ಲೇ ಬೇಕು. ಹನುಮನಮಟ್ಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ, ಧಾರವಾಡದಲ್ಲಿ ಕೃಷಿ ವಿಶ್ವವಿದ್ಯಾಲಯವಿದೆ. ಒಂದು ಸಣ್ಣ ಘಟಕ ನಡೆಸಿ ಖರ್ಚು-ಲಾಭದ ಲೆಕ್ಕ ನಮ್ಮ ಮುಂದಿಡಲಿ. ಗಿಟ್ಟಿದರೆ ರೈತ ಉತ್ಪಾದಕ ಕಂಪನಿಗಳಿಗೆ ತರಬೇತಿ ಕೊಡಲಿ, ಖರೀದಿಯ ಕರಾರು ಬರೆದುಕೊಡಲಿ. ಗಿಟ್ಟದಿದ್ದರೆ ಅದನ್ನೂ ಬಾಯಿಬಿಟ್ಟು ಹೇಳಲಿ. ಸೊಪ್ಪೆಯನ್ನು ಮಾತ್ರ ಮುಟ್ಟಬಾರದು, ಅದು ದನಗಳ ಪಾಲು.

ಮುಂದಿನ ಗ್ರಾಮಸಭೆಯಲ್ಲಿ "ಸುಡಬೇಡಿ" ಎಂದವರನ್ನು ಎದ್ದು ನಿಂತು ಕೇಳಿ: ಕ್ವಿಂಟಲ್ ಬೆಂಡಿಗೆ ಎಷ್ಟು ಕೊಡ್ತೀರಿ?