ಸಕ್ಕರೆ ಇಳಿದರೆ ಸಾಕೇ?

ಮಧುಮೇಹ ಹೃದಯವನ್ನು ಎರಡು ದಾರಿಯಲ್ಲಿ ಕೆಡಿಸುತ್ತದೆ. ಸಕ್ಕರೆ ವರ್ಷಗಟ್ಟಲೆ ಏರಿಯೇ ಇದ್ದರೆ ರಕ್ತನಾಳದ ಒಳಪದರ ಹಾಳಾಗಿ ಕೊಬ್ಬು ಶೇಖರವಾಗುತ್ತದೆ. ಇದು ಹೃದಯಾಘಾತದ ದಾರಿ. ಇನ್ನೊಂದು ಅಷ್ಟು ಪರಿಚಿತವಲ್ಲ: ಸಕ್ಕರೆ ಅಂಟಿದ ಪ್ರೋಟೀನುಗಳಿಂದ ಹೃದಯದ ಸ್ನಾಯುವೇ ಪೆಡಸಾಗಿ, ರಕ್ತನಾಳದಲ್ಲಿ ತಡೆಯಿಲ್ಲದಿದ್ದರೂ ಹೃದಯ ಸೋಲುತ್ತದೆ. ನರಗಳೂ ದುರ್ಬಲವಾಗಿದ್ದರೆ ಎದೆನೋವಿಲ್ಲದೆಯೇ ಹೃದಯಾಘಾತವಾಗಬಹುದು. ಸುಸ್ತು, ಬೆವರು, ಏದುಸಿರನ್ನು ಗ್ಯಾಸ್ಟ್ರಿಕ್ ಎಂದುಕೊಂಡು ಮನೆಯಲ್ಲೇ ಕುಳಿತವರು ಕಡಿಮೆಯೇನಲ್ಲ.

ಹಾಗೆಂದು ಸಕ್ಕರೆ ಇಳಿಸಿದಷ್ಟೂ ಹೃದಯಕ್ಕೆ ಕ್ಷೇಮ ಎನ್ನುವಂತಿಲ್ಲ. ಬ್ರಿಟನ್ನಿನಲ್ಲಿ 1977ರಲ್ಲಿ ಶುರುವಾದ ಯುಕೆಪಿಡಿಎಸ್ ಅಧ್ಯಯನದಲ್ಲಿ ಆಗಷ್ಟೇ ಕಾಯಿಲೆ ಪತ್ತೆಯಾದ 5,102 ಮಂದಿ ಇದ್ದರು. 1998ರ ಫಲಿತಾಂಶದಲ್ಲಿ ಬಿಗಿ ನಿಯಂತ್ರಣದಿಂದ ಕಣ್ಣು, ಮೂತ್ರಪಿಂಡಗಳಿಗೆ ಆದ ಲಾಭ ಸ್ಪಷ್ಟವಾಗಿತ್ತು. ಹೃದಯಾಘಾತ ಇಳಿದಂತೆ ಕಂಡರೂ ಖಚಿತವಾಗಿ ಹೇಳುವಷ್ಟಿರಲಿಲ್ಲ. ಆಮೇಲೆ ಬಿಗಿ ನಿಯಂತ್ರಣ, ಸಾಧಾರಣ ನಿಯಂತ್ರಣ ಎಂಬ ಎರಡೂ ಗುಂಪಿನವರ ಸಕ್ಕರೆ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಬಂತು. ಆದರೂ 10 ವರ್ಷದ ನಂತರ ನೋಡಿದರೆ, ಮೊದಲೇ ಇನ್ಸುಲಿನ್ ಅಥವಾ ಸಲ್ಫೊನೈಲ್‌ಯೂರಿಯಾ ಮಾತ್ರೆಯಿಂದ ಸಕ್ಕರೆಯನ್ನು ಹಿಡಿತದಲ್ಲಿಟ್ಟವರಿಗೆ ಹೃದಯಾಘಾತದ ಅಪಾಯ ಶೇ 15ರಷ್ಟು ಕಡಿಮೆಯಿತ್ತು. ಮೊದಲ ವರ್ಷಗಳ ಶಿಸ್ತಿನ ಫಲ ಹೃದಯಕ್ಕೆ ತಡವಾಗಿ ಸಿಕ್ಕಿತ್ತು.

ತಡವಾಗಿ ಎಚ್ಚೆತ್ತು ಆತುರಪಟ್ಟರೆ ಏನಾದೀತು ಎಂಬುದನ್ನು ಅಮೆರಿಕ, ಕೆನಡಾಗಳ ಅಕಾರ್ಡ್ ಅಧ್ಯಯನ ತೋರಿಸಿತು. ಅದರ 10,251 ಮಂದಿಯ ಸರಾಸರಿ ವಯಸ್ಸು 62. ಬಹುತೇಕರಿಗೆ ಮಧುಮೇಹ ಹಳೆಯದು, ಹೃದಯವೂ ಅಪಾಯದಲ್ಲಿತ್ತು. ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿಯನ್ನು ಒಂದು ಗುಂಪಿನಲ್ಲಿ 6ಕ್ಕಿಂತ ಕೆಳಗೆ ತರುವುದು ಗುರಿ. ಆ ಗುಂಪಿನಲ್ಲಿ 257 ಸಾವು, ಸಾಧಾರಣ ನಿಯಂತ್ರಣದವರಲ್ಲಿ 203. 2008ರ ಫೆಬ್ರುವರಿಯಲ್ಲಿ ಬಿಗಿ ಚಿಕಿತ್ಸೆಯನ್ನು ನಿಲ್ಲಿಸಲಾಯಿತು. ಸಾವು ಹೆಚ್ಚಿದ್ದಕ್ಕೆ ಒಂದೇ ಕಾರಣ ಸಾಬೀತಾಗಿಲ್ಲ. ಆದರೆ ಸಕ್ಕರೆ ಥಟ್ಟನೆ ಕುಸಿದಾಗ ಅಡ್ರಿನಲಿನ್ ಉಕ್ಕಿ ಹೃದಯದ ಬಡಿತ ತಾಳ ತಪ್ಪಬಲ್ಲದು ಎಂಬುದು ಗೊತ್ತಿರುವ ವಿಷಯ. 35ರ ಹೊಸ ರೋಗಿಗೂ 70ರ ಹಳೆಯ ರೋಗಿಗೂ ಒಂದೇ ಗುರಿ ಬರೆದುಕೊಡುವುದು ಚಿಕಿತ್ಸೆಯಲ್ಲ.

ಸಕ್ಕರೆಯನ್ನು ಯಾವ ಔಷಧಿಯಿಂದ ಇಳಿಸಲಾಗುತ್ತಿದೆ ಎಂಬುದೂ ಮುಖ್ಯ. ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವ ಎಂಪಾಗ್ಲಿಫ್ಲೋಜಿನ್, ಹೃದ್ರೋಗವೂ ಇದ್ದ ಮಧುಮೇಹಿಗಳಲ್ಲಿ ಹೃದಯ ವೈಫಲ್ಯದ ಆಸ್ಪತ್ರೆವಾಸವನ್ನು ಶೇ 35ರಷ್ಟು ತಗ್ಗಿಸಿದ್ದು 2015ರಲ್ಲಿ ಪ್ರಕಟವಾಯಿತು. ಅದು ಸಕ್ಕರೆ ಇಳಿಸಿದ್ದು ಮಾತ್ರ ಅಲ್ಪವೇ. 2025ರ ಮಾರ್ಚ್‌ನಲ್ಲಿ ಭಾರತದಲ್ಲಿ ಅದರ ಪೇಟೆಂಟ್ ಮುಗಿದು ಬೆಲೆ ಬಹಳಷ್ಟು ಇಳಿದಿದೆ. ಹೃದಯ ದುರ್ಬಲವಾಗಿರುವ ಮಧುಮೇಹಿಗೆ ಈ ಮಾತ್ರೆ ದುಬಾರಿ ಎಂಬ ಸಬೂಬು ಇನ್ನು ಹೆಚ್ಚು ದಿನ ನಡೆಯದು.