ಸಾಕುಮಗಳು ಮಗಳಾಗೋದು ಯಾವಾಗ?

ನಮ್ಮ ಕಡೆ, ಅಂದ್ರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಸುತ್ತಮುತ್ತ, ಒಂದು ಕೆಥೊಲಿಕ್ ದಂಪತಿ ನಾಲ್ಕೈದು ಮಕ್ಕಳನ್ನು ತಂದು ಸಾಕ್ತಾ ಇದ್ದಾರೆ ಅಂದ್ರೆ ಜನ ಮೊದಲು ಹೇಳೋದು, "ದೇವರಂಥ ಮನುಷ್ಯರು ಮಾರಾಯ್ರೆ!" ಸ್ವಲ್ಪ ಹೊತ್ತು ಬಿಟ್ಟು ಮೆಲ್ಲಗೆ, "ಅಲ್ಲ, ಜಾಗ ಕೊನೆಗೆ ಯಾರಿಗೆ?"

ಮೊದಲನೇ ಮಾತಿಂದ ಆ ಮಕ್ಕಳಿಗೆ ಮೂರು ಕಾಸಿನ ಪ್ರಯೋಜನವಿಲ್ಲ. ಎರಡನೇದು ಕುಹಕವೇ ಇರಬಹುದು, ಆದ್ರೆ ಪ್ರಶ್ನೆ ಸರಿಯಾಗಿಯೇ ಇದೆ.

ಕನ್ನಡದಲ್ಲಿ ಸಾಕುಮಗಳು ಬೇರೆ, ದತ್ತುಮಗಳು ಬೇರೆ. ನಮ್ಮ ಕಾನೂನು ಬಹಳ ಕಾಲ ಕ್ರೈಸ್ತರಿಗೆ ಕೊಟ್ಟಿದ್ದು ಮೊದಲನೇದು ಮಾತ್ರ. 1956ರ ಹಿಂದೂ ದತ್ತಕ ಕಾಯ್ದೆ ಹಿಂದೂ, ಜೈನ, ಬೌದ್ಧ, ಸಿಖ್ಖರಿಗಷ್ಟೇ. ಉಳಿದವರಿಗೆ ಬ್ರಿಟಿಷರ ಕಾಲದ, 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆ. ಅದರಲ್ಲಿ ನೀವು ಅಪ್ಪ ಅಮ್ಮ ಅಲ್ಲ, ಪೋಷಕರು. ನಮ್ಮ ಭಾಷೇಲಿ ಹೇಳೋದಾದ್ರೆ ಗೆಸ್ಟ್ ಲಾಗಿನ್; ಮಗು ಪ್ರಾಯಕ್ಕೆ ಬಂದ ದಿನ ಎಕ್ಸ್‌ಪೈರ್!

ಇದರ ತಮಾಷೆ ನೋಡಿ. ಮೂಡುಬಿದಿರೆಯಲ್ಲಿ ಬಸದಿಗೆ ಹೋಗುವ ಮನೆಯವರು ಮಗುವನ್ನು ದತ್ತು ತಗೊಂಡ್ರೆ ಅದು ಪೂರ್ತಿ ಅವರದ್ದೇ. ಆದ್ರೆ ಆ ಕಾಯ್ದೆಯಲ್ಲಿ ಗಂಡು ಮಗ ಇದ್ದವರು ಇನ್ನೊಂದು ಗಂಡನ್ನು, ಹೆಣ್ಣು ಇದ್ದವರು ಇನ್ನೊಂದು ಹೆಣ್ಣನ್ನು ತಗೊಳ್ಳೋ ಹಾಗಿಲ್ಲ. ಪಕ್ಕದ ಕೆಥೊಲಿಕ್ ಮನೆಯವರಿಗೆ ಆ ಮಿತಿ ಇರಲಿಲ್ಲ, ಆದ್ರೆ ಸಾಕಿದ ಒಂದು ಮಗುವೂ ಕಾಗದದಲ್ಲಿ ಅವರದ್ದಲ್ಲ. ಚರ್ಚಾದ್ರೂ ಕೈಹಿಡೀತಾ? 1983ರ ಕ್ಯಾನನ್ ಕಾನೂನು ಹೇಳೋದು, ದೇಶದ ಕಾನೂನಿನ ಪ್ರಕಾರ ದತ್ತು ಪಡೆದವರು ಆ ದಂಪತಿಯ ಮಕ್ಕಳೇ ಅಂತ. ದೇಶದ ಕಾನೂನಲ್ಲೇ ದತ್ತು ಇಲ್ಲದಿದ್ರೆ ಏನು ಮಾಡೋದು?

ಬಾಗಿಲು ತೆರೆದದ್ದು 2000ದ ಬಾಲನ್ಯಾಯ ಕಾಯ್ದೆ. 2006ರ ತಿದ್ದುಪಡಿ ಅದನ್ನು ಸ್ಪಷ್ಟ ಮಾಡ್ತು: ದತ್ತು ಮಗುವಿಗೆ ಹೆತ್ತ ಮಗುವಿನ ಎಲ್ಲ ಹಕ್ಕೂ ಇದೆ. ಶಬನಮ್ ಹಾಶ್ಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2014ರಲ್ಲಿ, ಯಾವ ಧರ್ಮದವರೂ ಈ ಕಾಯ್ದೆಯಡಿ ದತ್ತು ಪಡೆಯಬಹುದು ಅಂತು. ಈಗಿರೋದು 2015ರ ಕಾಯ್ದೆ. 2022ರ ಸೆಪ್ಟೆಂಬರಿನಿಂದ ಆದೇಶ ಕೊಡೋದು ಜಿಲ್ಲಾಧಿಕಾರಿ.

ಹಾಗಂತ ಇವತ್ತು ದತ್ತಿನಿಂದ ದೊಡ್ಡ ಸಂಸಾರ ಕಟ್ಟೋದು ಸುಲಭವೇನಲ್ಲ. 2022ರ ನಿಯಮಾವಳಿ ಪ್ರಕಾರ ಈಗಾಗಲೇ ಎರಡು ಮಕ್ಕಳಿರುವ ದಂಪತಿಗೆ ಸಿಗೋದು ವಿಶೇಷ ಅಗತ್ಯದ ಮಕ್ಕಳು, ಇಲ್ಲವೇ ಬಹುಕಾಲ ಯಾರೂ ಕರೆದೊಯ್ಯದ ಮಕ್ಕಳು. ಸಂಬಂಧಿಕರ ಮಗುವಿಗೆ, ಮಲಮಗುವಿಗೆ ಮಾತ್ರ ವಿನಾಯಿತಿ. ಕೆಲವರಿಗೆ ಇದು ಅನ್ಯಾಯ ಅನ್ಸುತ್ತೆ. ನಂಗೆ ಸರಿ ಅನ್ಸುತ್ತೆ. ಆರೋಗ್ಯವಂತ ಎಳೆಗೂಸಿಗೆ ಕಾಯುವವರ ಸಾಲು ಉದ್ದ ಇದೆ. ಕಾಲು ಸ್ವಾಧೀನವಿಲ್ಲದ ಏಳು ವರ್ಷದ ಹುಡುಗನಿಗೆ ಯಾರು ಕಾಯ್ತಾರೆ? ತುಂಬಿದ ಮನೆಗೇ ಅವನು ಹೋಗಲಿ. ಆದ್ರೆ ಅವನ ಫಿಸಿಯೋಥೆರಪಿಗೆ ಬಸ್ಸು ಹತ್ತಿ ಮಂಗಳೂರಿಗೆ ಅಲೆಯೋ ಆ ಅಮ್ಮನಿಗೆ "ದೇವರಂಥವರು" ಅಂತ ಕೈಮುಗಿದು ಕೂರೋ ಬದಲು ವಾರಕ್ಕೊಂದು ದಿನ ಜೊತೆಗೆ ಹೋಗಿ ಬನ್ನಿ.

ಇನ್ನು ಹಳೇ ಕಾನೂನಿನ ಕಾಲದಲ್ಲಿ ಸಾಕಿ ಬೆಳೆಸಿದವರು. ಮಕ್ಕಳಿಗೆ ಹದಿನೆಂಟು ದಾಟಿದ್ರೆ ಈ ಕಾಯ್ದೆಯಲ್ಲಿ ಈಗ ದತ್ತು ಮಾಡೋಕಾಗಲ್ಲ. 1999ರಲ್ಲಿ ಕೇರಳ ಹೈಕೋರ್ಟು ಕ್ರೈಸ್ತ ದಂಪತಿಯ ದತ್ತುಮಗನಿಗೆ ಆಸ್ತಿಹಕ್ಕು ಇದೆ ಅಂತ ತೀರ್ಪು ಕೊಟ್ಟಿದೆ, ನಿಜ. ಆದ್ರೆ ಅದಕ್ಕೆ ಹೈಕೋರ್ಟಿನವರೆಗೆ ಹೋಗಬೇಕಾಯ್ತು. ನಿಮ್ಮ ಮಕ್ಕಳು, ನಿಮ್ಮನ್ನು ಮಣ್ಣು ಮಾಡಿ ಬಂದ ಮೇಲೆ ದಾಯಾದಿಗಳ ಎದುರು "ನಾವು ಅವರ ಮಕ್ಕಳೇ" ಅಂತ ರುಜುವಾತು ಮಾಡ್ಬೇಕಾ?

ಒಂದು ಉಯಿಲು ಬರೀರಿ. ಸ್ವಂತ ಆಸ್ತಿಯನ್ನು ಯಾರಿಗೆ ಬೇಕಾದ್ರೂ ಬರೆಯೋ ಹಕ್ಕು ನಿಮಗಿದೆ, ಇಬ್ಬರು ಸಾಕ್ಷಿ ಸಾಕು. "ನನ್ನ ಮಕ್ಕಳಿಗೆ" ಅಂತ ಬರೆದು ಬಿಡಬೇಡಿ, ಒಬ್ಬೊಬ್ಬರ ಹೆಸರು ಹಿಡಿದು ಬರೀರಿ. ಇಪ್ಪತ್ತು ವರ್ಷ ಅನ್ನ ಹಾಕಿದ ಕೈಗೆ ಇದೇನು ದೊಡ್ಡ ಕೆಲಸವಾ?

ನಿಮ್ಮ ಊರಲ್ಲಿ ಇಂಥ ಮನೆಗಳಿದ್ರೆ ಈ ಮಾತು ಅವರ ಕಿವಿಗೆ ಹಾಕಿ. ಏನಂತೀರಿ?