ಬೆಳಕಿಗೂ ಗೋಡೆಯೇ?

ಯೇಸು ಲೋಕದ ಬೆಳಕು, ನಂಬಿದವನಿಗೆ ರಕ್ಷಣೆ, ಹುಟ್ಟು ಕೇಳೋದಿಲ್ಲ ಅಂತಾರೆ ಪಾದ್ರಿಗಳು. ಒಳ್ಳೆ ಮಾತೇ. ಹಾಗಾದ್ರೆ ತಮಿಳುನಾಡಿನ ಕೆಲವು ಚರ್ಚುಗಳ ಸ್ಮಶಾನದಲ್ಲಿ ದಲಿತ ಹೆಣಕ್ಕೂ ಮೇಲ್ಜಾತಿ ಹೆಣಕ್ಕೂ ನಡುವೆ ಗೋಡೆ ಯಾಕೆ ಎದ್ದಿತು?

ಮದರಾಸಿನ ರಸ್ತೆ ಬದಿ ಚಪ್ಪಲಿ ಹೊಲಿಯುತ್ತಿದ್ದ ಆದಿದ್ರಾವಿಡ ಸೂಸೈ ಕ್ರಿಸ್ತನನ್ನು ನಂಬಿದ. ಹಿಂದೂ ದಲಿತರಿಗೆ ಸರ್ಕಾರ ಪೆಟ್ಟಿಗೆ ಅಂಗಡಿ ಕೊಟ್ಟಿತು, ಅವನಿಗಿಲ್ಲ. ಮತಾಂತರದ ಮೇಲೂ ಜಾತಿಯ ಸಂಕಟ ಅಷ್ಟೇ ಇದೆ ಅನ್ನೋಕೆ ಸಾಕ್ಷಿ ಸಾಲದು ಅಂದಿತು 1985ರಲ್ಲಿ ಸುಪ್ರೀಂ ಕೋರ್ಟು. 1950ರ ಆದೇಶ 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಬಾಗಿಲು ತೆರೆಯಿತು. ಕ್ರೈಸ್ತ ದಲಿತರಿಗೆ ಇವತ್ತಿಗೂ ಇಲ್ಲ.

ದೇವರು ಬದಲಾದ, ಉಳಿ, ತೊಗಲು, ಬಿಸಿಲು ಬದಲಾಗಲಿಲ್ಲ. ಸಾಕ್ಷಿ ಬೇಕೇ? ಆ ಗೋಡೆಯನ್ನೇ ಕೇಳಿ. ಪಾದ್ರಿಗಳೇ, ಪರಲೋಕದ ಬೆಳಕು ಆಮೇಲಿರಲಿ. ಮೊದಲು ಅದನ್ನು ಕೆಡವಿ.